ಮಂಕಿ ಕ್ಯಾಪಿನ ಕಾಶಿಯಾತ್ರೆ

ಉರಿಬಿಸಿಲಿನಲ್ಲಿ, ಸಮುದ್ರದ ದಂಡೆಯಲ್ಲಿ, ಚಡ್ಡಿಯ ಮೇಲೆ ಉಣ್ಣೆಯ ಸ್ವೆಟರು ತೊಟ್ಟು, ತಲೆಗೆ ಮಂಕಿ ಕ್ಯಾಪು ಏರಿಸಿ, ಒಬ್ಬ ಮನುಷ್ಯ ಗೋಡೆಗೆ ಅಂಟಿಕೊಂಡು ಕೂತಿದ್ದರೆ ಅವನಿಗೆ ತಲೆ ಕೆಟ್ಟಿದೆ ಎಂದು ನೀವು ತಿಳಿಯುತ್ತೀರಿ. ಥಾಯ್ಲೆಂಡಿನ ಕೋ ಲಾಂತಾ ದ್ವೀಪದವರೂ ಹಾಗೇ ತಿಳಿದರು. ಅವರದೇನೂ ತಪ್ಪಿಲ್ಲ. ಆ ಮನುಷ್ಯ ನಮ್ಮ ಕರಿಬಸವಯ್ಯ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಹಳ ಕಾಲ ಕಂಟ್ರೋಲರ್ ಆಗಿದ್ದು ರಿಟೈರಾದವರು. ಅವರ ತಲೆ ಸರಿಯಾಗಿಯೇ ಇತ್ತು. ಹೆಂಡತಿಯ ವಿಡಿಯೋ ಕಾಲ್ ಬಂದಿತ್ತು, ಅಷ್ಟೆ.

“ಚಳಿ ಹೆಂಗದೆ ರೀ?” ಎಂದು ತುಮಕೂರಿನಿಂದ ಸರ್ವಮಂಗಳಮ್ಮ ಕೇಳಿದರು.

“ಅಯ್ಯೋ ಕೇಳ್ಬೇಡ ಕಣೆ. ಹಲ್ಲು ಕಟಕಟ ಅಂತವೆ,” ಎಂದರು ಕರಿಬಸವಯ್ಯ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಮತ್ತೆ ಮುಖ ಯಾಕೆ ಅಷ್ಟು ಒದ್ದೆ ಆಗದೆ?”

“ಗಂಗಾಸ್ನಾನ.”

“ಅದೇನದು ಭೋರ್ ಅಂತ ಸದ್ದು?”

“ಗಂಗಮ್ಮ. ಇವತ್ತು ಸ್ವಲ್ಪ ಜಾಸ್ತಿ ಅವ್ಳೆ.”

ನಾನು ಪಕ್ಕದಲ್ಲೇ ಎಳನೀರು ಕುಡಿಯುತ್ತಾ ಕೂತಿದ್ದೆ. ನನ್ನ ಹೆಸರು ಕದರಯ್ಯ. ಕರಿಬಸವಯ್ಯನವರು ಕಂಟ್ರೋಲರ್ ಆಗಿದ್ದ ಕಾಲಕ್ಕೆ ನಾನು ತುಮಕೂರು–ಕುಣಿಗಲ್ ರೂಟಿನ ಡ್ರೈವರ್. ಅವರು ಸೀಟಿ ಊದಿದರೆ ಬಸ್ಸು ಬಿಡುತ್ತಿದ್ದೆ, ಊದದಿದ್ದರೆ ನಿಲ್ಲಿಸುತ್ತಿದ್ದೆ. ಆ ಅಭ್ಯಾಸ ಇನ್ನೂ ಹೋಗಿಲ್ಲ, ಅದಕ್ಕೇ ಅವರ ಹಿಂದೆ ಸಮುದ್ರ ದಾಟಿ ಬಂದಿದ್ದೆ. ಮಂಕಿ ಕ್ಯಾಪಿನ ವಿಷಯ ನಿಮಗೆ ತಿಳಿಯಬೇಕಾದರೆ ಮೊದಲು ಬ್ಯಾಗಿನ ವಿಷಯ ಹೇಳಬೇಕು.

ಹಂಪಿಗೆ ಹೋಗುವ ಬಿಳಿಯರು ಆಗೊಬ್ಬರು ಈಗೊಬ್ಬರು ನಮ್ಮ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದರು. ಬೆನ್ನ ಮೇಲೆ ಅವರಷ್ಟೇ ಎತ್ತರದ ಬ್ಯಾಗು. ಕರಿಬಸವಯ್ಯ ತಮ್ಮ ಗೂಡಿನಿಂದ ಇಳಿದು ಬಂದು, ಅವರನ್ನು ಸರಿಯಾದ ಬಸ್ಸಿಗೆ ಹತ್ತಿಸಿ, ಬಸ್ಸು ಮರೆಯಾಗುವ ತನಕ ನೋಡುತ್ತಾ ನಿಲ್ಲುತ್ತಿದ್ದರು. ಮೈಕು ಹಿಡಿದು ಊರವರನ್ನೆಲ್ಲ ಊರೂರಿಗೆ ಕಳಿಸಿದ ಮನುಷ್ಯ ಸ್ವತಃ ಧರ್ಮಸ್ಥಳದಿಂದ ಆಚೆಗೆ ಹೋದವರಲ್ಲ. ಒಬ್ಬ ಗಡ್ಡದವನು ಬಸ್ಸಿಗೆ ಕಾಯುತ್ತಾ ಅವರಿಗೆ ಥಾಯ್ಲೆಂಡಿನ ದ್ವೀಪಗಳ ಫೋಟೊ ತೋರಿಸಿದ್ದನಂತೆ. ಅಂದಿನಿಂದ ಅದೇ ಧ್ಯಾನ. “ಕದರಯ್ಯ, ರಿಟೈರ್ ಆಗ್ಲಿ ನೋಡು. ಅಂಥದ್ದೊಂದು ಬ್ಯಾಗು ಬೆನ್ನಿಗೆ ಏರಿಸ್ಕೊಂಡು ಹೊರಟುಬಿಡ್ತೀನಿ,” ಎನ್ನುತ್ತಿದ್ದರು.

ರಿಟೈರಾದರು. ನಾನೂ ಆದೆ. ನನ್ನ ನೇತ್ರಾವತಿ ಅಷ್ಟರಲ್ಲಿ ತೀರಿಹೋಗಿದ್ದಳು. ಖಾಲಿ ಮನೆಯಲ್ಲಿ ಗೋಡೆ ನೋಡುವುದಕ್ಕಿಂತ ಥಾಯ್ಲೆಂಡೇ ವಾಸಿ ಎಂದು ಹ್ಞೂಂ ಅಂದೆ. ಟಿಕೆಟ್ ಕೂಡ ಆಯಿತು. ಕರಿಬಸವಯ್ಯ ಮನೆಯಲ್ಲಿ ಹೇಳುವುದೊಂದು ಬಾಕಿ. ಅದೇನು ಸಣ್ಣ ಕೆಲಸವೇ? ನಮ್ಮ ಕಡೆ ಇಬ್ಬರು ಗಂಡಸರು ಹೆಂಡಿರು ಮಕ್ಕಳಿಲ್ಲದೆ ಥಾಯ್ಲೆಂಡಿಗೆ ಹೊರಟರೆ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ಕೇಳದೇನೇ ನಗುತ್ತಾರೆ.

ಆ ಬ್ಯಾಗು ಕೊರಿಯರ್‌ನಲ್ಲಿ ತುಮಕೂರಿನ ಶೆಟ್ಟಿಹಳ್ಳಿ ಬಡಾವಣೆಯ ಅವರ ಮನೆಗೆ ಬಂದ ದಿನ ಎದುರುಮನೆಯ ಉಮಾಮಹೇಶ್ವರಿ ಅಲ್ಲೇ ಇದ್ದರು. ಉಮಾಮಹೇಶ್ವರಿ ಎಲ್ಲಿ ಏನು ನಡೆದರೂ ಅಲ್ಲೇ ಇರುತ್ತಾರೆ. “ಏನಣ್ಣಾ ಇಷ್ಟು ದೊಡ್ಡ ಬ್ಯಾಗು! ರಿಟೈರ್ ಆಯ್ತು, ಇನ್ನು ಕಾಶಿಗೇನಾ?” ಎಂದರು. ಕರಿಬಸವಯ್ಯ ಥಾಯ್ಲೆಂಡ್ ಎನ್ನಲು ಬಾಯಿ ತೆರೆದರು. ಬಾಯಿ ತೆರೆದುಕೊಂಡೇ ಇತ್ತು, ತಲೆ ಮಾತ್ರ ಹೌದು ಎಂದು ಅಲ್ಲಾಡಿತು.

ಸರ್ವಮಂಗಳಮ್ಮನ ಕಣ್ಣಲ್ಲಿ ನೀರು ಬಂತು. “ನನಗೂ ಬರಬೇಕು ಅಂತ ಆಸೆ ಕಣ್ರೀ. ಆದ್ರೆ ಅಮ್ಮನ್ನ ಬಿಟ್ಟು ಹೆಂಗೆ ಬರ್ಲಿ?” ಎಂದರು. ಅವರ ತಾಯಿ ಶಿವಗಂಗಮ್ಮ ಸೊಂಟ ಮುರಿದುಕೊಂಡು ಗುಬ್ಬಿಯಲ್ಲಿ ಮಗನ ಮನೆಯಲ್ಲಿದ್ದರು. ಮಗಳು ವಾರದಲ್ಲಿ ಮೂರು ನಾಲ್ಕು ದಿನ ಅಲ್ಲೇ. “ಇರ್ಲಿ, ನೀವು ಹೋಗ್ಬನ್ನಿ. ನೀವು ನೋಡಿದ್ರೆ ನಾನು ನೋಡ್ದಂಗೇ. ಬಂದು ಒಂದೂ ಬಿಡದಂಗೆ ಹೇಳಿ, ಸಾಕು.”

ಸಂಜೆಯೊಳಗೆ ಸುದ್ದಿ ಶೆಟ್ಟಿಹಳ್ಳಿ ದಾಟಿ, ಉಪ್ಪಾರಹಳ್ಳಿ ದಾಟಿ, ಗುಬ್ಬಿ ಮುಟ್ಟಿತ್ತು. ಮಾರನೆಯ ದಿನದಿಂದ ಜನ ಬರತೊಡಗಿದರು. ಒಬ್ಬರಿಗೆ ಕಾಶಿ ದಾರ, ಒಬ್ಬರಿಗೆ ಗಂಗೆ ತುಂಬಿ ಬೆಸುಗೆ ಹಾಕಿದ ತಾಮ್ರದ ಗಿಂಡಿ. ಶಿವಗಂಗಮ್ಮನವರು ಹಾಸಿಗೆಯ ಕೆಳಗಿನಿಂದ ಒಂದು ತೂತಿನ ಕಾಸು ತೆಗೆದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಅಳಿಯನ ಕೈಗಿಟ್ಟರು. “ನನ್ನ ಹೆಸ್ರೇಳಿ ಗಂಗಮ್ಮನಿಗೆ ಹಾಕ್ಬುಡಿ ಅಳಿಯಂದ್ರೆ. ನಾನಂತೂ ಹೋಗಾಕಾಗ್ಲಿಲ್ಲ, ನನ್ನ ಕಾಸಾದ್ರೂ ಹೋಗ್ಬರ್ಲಿ,” ಎಂದರು. ಸರ್ವಮಂಗಳಮ್ಮ ಬ್ಯಾಗಿನ ತುಂಬ ಸ್ವೆಟರು, ಶಾಲು, ಮಂಕಿ ಕ್ಯಾಪು ತುಂಬಿದರು. ಕಾಶಿಯಲ್ಲಿ ಜನವರಿ ಚಳಿಗೆ ಮನುಷ್ಯರು ಸೆಟೆದುಹೋಗುತ್ತಾರೆ ಎಂದು ಟಿವಿಯಲ್ಲಿ ತೋರಿಸಿದ್ದರಂತೆ. ಕೊರಳಿಗೆ ಹಾರ ಬಿತ್ತು. ಹಾರ ಹಾಕಿಸಿಕೊಂಡ ಮೇಲೆ ಥಾಯ್ಲೆಂಡ್ ಎನ್ನಲು ಯಾವ ಗಂಡಸಿಗೆ ಧೈರ್ಯ ಬಂದೀತು, ಹೇಳಿ.

ಬ್ಯಾಂಕಾಕಿನಲ್ಲಿ ಸುಳ್ಳಿಗೆ ತೊಂದರೆಯಾಗಲಿಲ್ಲ. ಅಲ್ಲೊಂದು ದೊಡ್ಡ ನದಿ, ನದಿಯಲ್ಲಿ ದೋಣಿ, ದಂಡೆಯಲ್ಲಿ ಗುಡಿ, ಬೋಳುತಲೆಯ ಸನ್ಯಾಸಿಗಳು. ಸುಳ್ಳು ಹೇಳುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಗುಬ್ಬಿಗೆ ವಿಡಿಯೋ ಕಾಲ್ ಮಾಡಿದಾಗ ಮನೆಯವರೆಲ್ಲ ಫೋನಿಗೇ ಕೈ ಮುಗಿದರು. ಶಿವಗಂಗಮ್ಮನವರಂತೂ ಮಲಗಿದಲ್ಲೇ ಕೆನ್ನೆ ಬಡಿದುಕೊಂಡರು. ಸರ್ವಮಂಗಳಮ್ಮನ ತಮ್ಮ ಮಲ್ಲಿಕಾರ್ಜುನ್ ಮಾತ್ರ ಫೋನಿನ ಹತ್ತಿರ ಮುಖ ತಂದು, ಕರಿಬಸವಯ್ಯನವರ ಹಿಂದೆ ಕಾಣುತ್ತಿದ್ದ ಗೋಪುರವನ್ನು ನೋಡಿ, ಬಿಳಿಚಿಕೊಂಡು ಹಿಂದೆ ಸರಿದ. ಅವನು ಗುಬ್ಬಿಯಲ್ಲಿ ಅಡಿಕೆ ವ್ಯಾಪಾರಿ. ವ್ಯಾಪಾರದ ಮೇಲೆ ವರ್ಷಕ್ಕೊಂದು ಸಲ ಗುವಾಹಟಿಗೆ ಹೋಗಿ ಬರುತ್ತಿದ್ದ.

ಅರ್ಧ ಗಂಟೆಯಲ್ಲಿ ಅವನದೇ ಫೋನು. ಧ್ವನಿ ಬಹಳ ಮೆಲ್ಲಗೆ. “ಭಾವ, ಆ ಗೋಪುರ ಕಾಶೀದಲ್ಲ.”

“ನಿಂಗೆ ಹೆಂಗೊತ್ತು?” ಎಂದರು ಕರಿಬಸವಯ್ಯ.

ಆ ಕಡೆ ಮಲ್ಲಿಕಾರ್ಜುನ್ ಕೆಮ್ಮಿದ. “ಯೂಟ್ಯೂಬ್‌ನಾಗೆ ನೋಡಿದ್ದೆ.”

“ಹಂಗಾ.”

“ಹ್ಞೂಂ. ಭಾವ, ಆ ಗೋಪುರದ ಹಿಂದಿನ ಬೀದೀಲಿ ಎಡಗಡೆ ತಿರುಗಿದ್ರೆ ನಮ್ಮೋರ ಇಡ್ಲಿ ಹೋಟ್ಲು ಐತೆ. ಚಟ್ನಿ ಕೇಳಿದ್ರೆ ಇನ್ನೊಂದ್ಸಲ ಹಾಕ್ತಾರೆ.”

“ಅದನ್ನೂ ಯೂಟ್ಯೂಬ್‌ನಾಗೇ ಹೇಳಿದ್ರಾ?”

“ಹ್ಞೂಂ ಭಾವ. ನೀವು ನನ್ನ ವಿಷ್ಯ ಎತ್ಬೇಡಿ, ನಾನು ನಿಮ್ಮ ವಿಷ್ಯ ಎತ್ತಲ್ಲ,” ಎಂದು ಫೋನಿಟ್ಟ. ಇಡ್ಲಿ ಹೋಟೆಲು ಅವನು ಹೇಳಿದ ಕಡೆಯೇ ಇತ್ತು. ಯೂಟ್ಯೂಬಿನವರು ಬಹಳ ಪ್ರಾಮಾಣಿಕರು.

ಅದೇ ಕೊನೆಯ ಇಡ್ಲಿ. ಅಲ್ಲಿಂದ ಉತ್ತರಕ್ಕೆ ಚಿಯಾಂಗ್ ಮಾಯ್, ಮತ್ತೆ ದಕ್ಷಿಣಕ್ಕೆ ಕ್ರಾಬಿ, ಅಲ್ಲಿಂದ ದ್ವೀಪ. ನನಗೆ ಊಟದ ತೊಂದರೆ ಇರಲಿಲ್ಲ, ಈಜುವ ಮೀನು, ಓಡುವ ಕೋಳಿ ಎಲ್ಲ ನನಗೆ ಆಗುತ್ತದೆ. ಕರಿಬಸವಯ್ಯ ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ನೀರೂ ಮುಟ್ಟದವರು. ಆ ದೇಶದಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬಿಡುತ್ತಾರೆ. ಅವರು ಅನ್ನ, ಬಾಳೆಹಣ್ಣು, ಮನೆಯಿಂದ ತಂದ ಚಟ್ನಿಪುಡಿಯಲ್ಲಿ ದಿನ ತಳ್ಳಿದರು. ಚಟ್ನಿಪುಡಿ ಮುಗಿದ ದಿನ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಾ ಕೂತಿದ್ದನ್ನು ನಾನು ಕಣ್ಣಾರೆ ಕಂಡೆ.

“ಈಗ ಮನೇಲಿ ಅವರೆಕಾಯಿ ಬಂದಿರ್ತದೆ ಕದರಯ್ಯ. ಸೊಗಡಿನ ಕಾಯಿ. ಹಿತುಕಿದ ಬೇಳೆ ಸಾರು, ಬಿಸಿ ಮುದ್ದೆ. ಅವಳು ಮುದ್ದೆಗೆ ಗುಂಡಿ ಮಾಡಿ ತುಪ್ಪ ಬಿಡ್ತಾಳೆ,” ಎನ್ನುತ್ತಿದ್ದರು. ಮೊದಮೊದಲು ದಿನಕ್ಕೊಂದು ಸಲ ಹೇಳುತ್ತಿದ್ದರು, ದ್ವೀಪಕ್ಕೆ ಬರುವಷ್ಟರಲ್ಲಿ ಬೇರೆ ಮಾತೇ ಇರಲಿಲ್ಲ.

ಆ ದ್ವೀಪದಲ್ಲಿ ನಾವು ಇಳಿದುಕೊಂಡ ಬಿದಿರು ಮನೆಯ ಒಡತಿ ಒಬ್ಬಳು ದಪ್ಪನೆಯ ಹೆಂಗಸು, ಹೆಸರು ಪಿಮ್. ಮಂಕಿ ಕ್ಯಾಪಿನ ಮನುಷ್ಯನನ್ನು ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಬಂದು ಅವರ ಹಣೆ ಮುಟ್ಟಿದಳು. ಕ್ಯಾಪಿನೊಳಗೆ ಬೆಂದಿದ್ದ ಹಣೆ ಕೆಂಡದ ಹಾಗಿತ್ತು. ಅವಳು ಚೀರಿಕೊಂಡು ಓಡಿದಳು. ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬ ಬಂದ. ಮುಖಕ್ಕೆ ಎರಡು ಮಾಸ್ಕು, ಕೈಯಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರು. ಪಕ್ಕದ ಮನೆಗಳ ಬಿಳಿಯರು ಚಾಪೆ ಸುತ್ತಿಕೊಂಡು ದೂರ ಹೋಗಿ ನಿಂತರು.

ಅಧಿಕಾರಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಈ ಬಿಸಿಲಿನಲ್ಲಿ ಚಳಿ ಹತ್ತುವ ಜ್ವರ ಈ ದ್ವೀಪದಲ್ಲಿ ಹಿಂದೆಂದೂ ಬಂದಿಲ್ಲ. ಇದು ಹೊಸ ರೋಗ. ಗುಣವಾಗುವ ತನಕ ದೋಣಿ ಹತ್ತುವಂತಿಲ್ಲ.

“ಕದರಯ್ಯ, ನಾವಿಲ್ಲೇ ಉಳಿದ್ರೆ ಕಾಶೀಲಿ ಏನಾಯ್ತು ಅಂತ ಹೇಳಾದು?” ಎಂದು ಕರಿಬಸವಯ್ಯ ನಡುಗಿದರು. ಅವರು ನಡುಗಿದ್ದನ್ನು ನೋಡಿ ಅಧಿಕಾರಿ ಚಳಿ ಎಂದು ಬರೆದುಕೊಂಡ.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಕುಣಿಗಲ್ ರೂಟಿನಲ್ಲಿ ಸಂತೆಯ ದಿನ ಬಸ್ಸು ಓಡಿಸಿದವನಿಗೆ ಕೈಸನ್ನೆ ಬಹಳ ಬರುತ್ತದೆ. ಫೋನು ಎತ್ತಿ ಟ್ರಿಣ್ ಟ್ರಿಣ್ ಅಂದೆ. ಸ್ಕ್ರೀನಿನ ಮೇಲೆ ಸರ್ವಮಂಗಳಮ್ಮನ ಫೋಟೊ ತೋರಿಸಿದೆ. “ವೈಫ್,” ಎಂದೆ. ಗಾಬರಿಯಿಂದ ಕ್ಯಾಪು ಎಳೆದು ಹಾಕಿಕೊಂಡೆ. ಫೋನು ಇಟ್ಟೆ. ಕ್ಯಾಪು ತೆಗೆದು ಉಸ್ಸಪ್ಪಾ ಎಂದು ಗಾಳಿ ಬೀಸಿಕೊಂಡೆ. ಅಧಿಕಾರಿ ಮತ್ತು ಪಿಮ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಮಾಸ್ಕು ಕೆಳಗಿಳಿಸಿದ. “ವೈಫ್?” ಎಂದ.

“ವೈಫ್,” ಎಂದರು ಕರಿಬಸವಯ್ಯ ದೀನರಾಗಿ.

“ಆ... ವೈಫ್!” ಎಂದು ಅಧಿಕಾರಿ ಅವರ ಹೆಗಲು ತಟ್ಟಿ, ಬರೆದುಕೊಂಡಿದ್ದನ್ನು ಹರಿದು, ಸ್ಕೂಟರು ಹತ್ತಿ ಹೋದ. ಭಾಷೆ ಗೊತ್ತಿಲ್ಲದಿದ್ದರೂ ಗಂಡಂದಿರಿಗೆ ಕೆಲವು ವಿಷಯ ತಿಳಿಯುತ್ತದೆ. ಅಂದಿನಿಂದ ಫೋನು ಬಂತೆಂದರೆ ಪಿಮ್ಮೇ ಓಡಿಹೋಗಿ ಕ್ಯಾಪು ತಂದುಕೊಡುತ್ತಿದ್ದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಬಂದ ಫೋನಿನಲ್ಲಿ ಸರ್ವಮಂಗಳಮ್ಮನ ಪಕ್ಕ ಉಮಾಮಹೇಶ್ವರಿಯೂ ಇದ್ದರು. ಇಬ್ಬರ ಮುಂದೆ ಮೊರ. ಮೊರದ ತುಂಬ ಅವರೆಕಾಯಿ. ಕರಿಬಸವಯ್ಯನವರ ಕಣ್ಣು ಆ ಮೊರದ ಮೇಲೆ ನೆಟ್ಟಿತು.

“ಅಣ್ಣಾ, ಕೇಳೋದೇ ಮರ್ತಿದ್ವಿ. ಕಾಶೀಲಿ ಏನು ಬಿಟ್ರಿ?” ಎಂದರು ಉಮಾಮಹೇಶ್ವರಿ.

“ಏನು ಬಿಡ್ಬೇಕು?”

“ಅಯ್ಯೋ! ಕಾಶಿಗೆ ಹೋದ್ಮೇಲೆ ಹಣ್ಣೋ ಕಾಯೋ ಒಂದು ಬಿಟ್ಟು ಬರ್ಬೇಕು. ಜನ್ಮದಲ್ಲಿ ಮತ್ತೆ ತಿನ್ನಂಗಿಲ್ಲ. ನಮ್ಮ ಮಾವ ಹಾಗಲಕಾಯಿ ಬಿಟ್ಟು ಬಂದ್ರು. ಅವ್ರು ಹುಟ್ಟಿದಾಗಿಂದ ಹಾಗಲಕಾಯಿ ಮುಟ್ಟಿದೋರಲ್ಲ. ನೀವು ಹಂಗೆಲ್ಲ ಮೋಸ ಮಾಡ್ಬೇಡಿ. ತುಂಬಾ ಇಷ್ಟವಾದ್ದನ್ನೇ ಬಿಡ್ಬೇಕು.”

“ಬಿಟ್ಟಿದ್ದೀರಿ ತಾನೆ? ಏನು ಹೇಳ್ರಿ,” ಎಂದರು ಸರ್ವಮಂಗಳಮ್ಮ.

ಆ ಹೊತ್ತಿಗೆ ಕರಿಬಸವಯ್ಯನವರ ತಲೆಯಲ್ಲಿ, ಹೊಟ್ಟೆಯಲ್ಲಿ, ನಾಲಿಗೆಯಲ್ಲಿ ಇದ್ದದ್ದು ಒಂದೇ ಪದಾರ್ಥ. ಬಾಯಿ ತೆರೆದೊಡನೆ ಅದೇ ಉದುರಿತು. “ಅವರೆಕಾಯಿ.”

ಸರ್ವಮಂಗಳಮ್ಮನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. “ಅಲ್ರೀ... ನೀವು ಬರ್ತೀರಿ ಅಂತ...” ಎಂದು ಮೊರ ನೋಡಿದರು.

“ಭಲೇ ಅಣ್ಣಾ! ಬಿಟ್ರೆ ಹಿಂಗೆ ಬಿಡ್ಬೇಕು!” ಎಂದು ಉಮಾಮಹೇಶ್ವರಿ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, “ಕದರಯ್ಯಣ್ಣ, ನೀವೇನು ಬಿಟ್ರಿ?” ಎಂದರು.

“ನನ್ನತ್ರ ಬಿಡಾಕೆ ಏನೈತೆ ತಾಯಿ. ಇದ್ದೊಬ್ಬಳು ಅವಳೇ ಬಿಟ್ಟೋದ್ಲು,” ಎಂದೆ. ತಮಾಷೆಗೆ ಹೇಳೋಣ ಎಂದುಕೊಂಡಿದ್ದೆ. ತಮಾಷೆಯ ಹಾಗೆ ಬರಲಿಲ್ಲ.

ಸಂಜೆ ಇಬ್ಬರೂ ಮರಳಿನ ಮೇಲೆ ಕೂತೆವು. ಮಾರನೆಯ ದಿನ ದೋಣಿ, ಆಮೇಲೆ ವಿಮಾನ, ಆಮೇಲೆ ಊರು. ಕರಿಬಸವಯ್ಯ ಅರಿಶಿನದ ಬಟ್ಟೆಯ ಗಂಟನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಮುಖ ಬಾಡಿಹೋಗಿತ್ತು. ನಾನು ಸಮಾಧಾನಕ್ಕೆ ಹೇಳಿದೆ: “ಸಾಹೇಬ್ರೇ, ಯಾಕೆ ಯೋಚ್ನೆ ಮಾಡ್ತೀರಿ? ಗಂಗೆ ಗಿಂಡಿ ತುಮಕೂರಿನ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡೀಲಿ ಬೇಕಾದಷ್ಟು ಸಿಗ್ತವೆ. ಬೆಸುಗೆ ಹಾಕಿದ್ದೇ. ದಾರನೂ ಅಲ್ಲೇ ಸಿಗ್ತದೆ. ಯಾರಿಗೂ ಗೊತ್ತಾಗಾಕಿಲ್ಲ. ಆ ಕಾಸು ಇಲ್ಲೇ ಎಸೀರಿ. ಗಂಗೆ ಹರಿದು ಬಂದು ಸೇರಾದು ಸಮುದ್ರಕ್ಕೇ ತಾನೆ? ನೀರೆಲ್ಲಾ ಒಂದೇ.”

ಅವರು ಎದ್ದು ನೀರಿನ ತನಕ ಹೋದರು. ಕೈ ಎತ್ತಿದರು. ಮತ್ತೆ ಇಳಿಸಿದರು. “ಆಗಲ್ಲ ಕದರಯ್ಯ. ಕಾಶಿ ಬೋರ್ಡು ಹಾಕಿ ಹತ್ತಿಸ್ಕೊಂಡು ಇಲ್ಲಿ ಇಳಿಸಿದ್ರೆ ಪ್ಯಾಸೆಂಜರಿಗೆ ಮೋಸ ಮಾಡ್ದಂಗೆ,” ಎಂದು ಹಿಂದಿರುಗಿ ಬಂದು ಕೂತರು.

ಸೂರ್ಯ ನೀರಿಗೆ ಹತ್ತಿರವಾಗಿದ್ದ. ಹಗಲೆಲ್ಲ ನೀಲಿಯಾಗಿದ್ದ ಸಮುದ್ರ ದಂಡೆಯ ಹತ್ತಿರ ಹಸಿರಿಗೆ, ದೂರದಲ್ಲಿ ಅರಿಶಿನಕ್ಕೆ ತಿರುಗುತ್ತಿತ್ತು.

“ನೋಡು, ದಿನಾ ಹಿಂಗಾಗ್ತದೆ. ದಿನಾ ಇದನ್ನ ಅವಳಿಗೆ ಹೇಳ್ಬೇಕು ಅನ್ನಿಸ್ತದೆ, ಹೇಳೋಹಂಗಿಲ್ಲ. ಬಸ್ ಸ್ಟ್ಯಾಂಡಲ್ಲಿ ನಾಯಿ ಮರಿ ಹಾಕಿದ್ರೂ ಮನೆಗೋಗಿ ಹೇಳ್ತಿದ್ದೋನು ನಾನು. ಈಗ ಇಷ್ಟು ದೊಡ್ಡ ಸಮುದ್ರ ನೋಡಿ ಸಾಯೋಗಂಟ ಬಾಯಿ ಮುಚ್ಕೊಂಡಿರ್ಬೇಕಾ? ಸಿಕ್ಕಿಹಾಕ್ಕೊಳ್ತೀನಿ ಅಂತ ನನಗೆ ಭಯ ಇಲ್ಲ ಕಣೋ. ಸಿಕ್ಕಿಹಾಕ್ಕೊಳ್ಳಲ್ವಲ್ಲ, ಅದೇ ಭಯ.” ಗಂಟನ್ನು ಜೇಬಿಗೆ ಹಾಕಿಕೊಂಡರು. “ನೀವು ನೋಡಿದ್ರೆ ನಾನು ನೋಡ್ದಂಗೇ ಅಂದ್ಳು. ಹೇಳೋಕಾಗ್ದಿದ್ರೆ ನೋಡಿ ಏನು ಬಂತು?”

ನನಗೆ ಕುಣಿಗಲ್ ಕೆರೆ ಏರಿ ನೆನಪಾಯಿತು. ಆ ಏರಿಯ ತುದಿಯಲ್ಲಿ ನಾನು ಬಸ್ಸು ನಿಧಾನ ಮಾಡಿದರೆ ನೇತ್ರಾವತಿ ಕಿಟಕಿಯಿಂದ ಊಟದ ಡಬ್ಬಿ ಕೊಟ್ಟು, “ಇವತ್ತು ಕೆರೆ ನೋಡಿದ್ರಾ, ಹೆಂಗೈತೆ?” ಎನ್ನುತ್ತಿದ್ದಳು. ಅವಳೂ ಅಲ್ಲೇ ನಿಂತಿರುತ್ತಿದ್ದಳು, ಅವಳಿಗೂ ಕೆರೆ ಕಾಣುತ್ತಿತ್ತು. ಆದರೂ ನನ್ನನ್ನೇ ಕೇಳುತ್ತಿದ್ದಳು. ನನಗೆ ಹೇಳಿಕೊಳ್ಳಲು ಯಾರೂ ಇಲ್ಲ, ಈ ಮನುಷ್ಯನಿಗೆ ಇದ್ದೂ ಹೇಳುವ ಹಾಗಿಲ್ಲ. ಕತ್ತಲಾದ ಮೇಲೆ ಇಬ್ಬರೂ ಎದ್ದು ಬ್ಯಾಗು ಕಟ್ಟಲು ಹೋದೆವು.

ಬೆಳಿಗ್ಗೆ ಜೆಟ್ಟಿಯಲ್ಲಿ ದೋಣಿಗೆ ನೂಕುನುಗ್ಗಲು. ಬೆನ್ನಿಗೆ ಬ್ಯಾಗು ಹೊತ್ತ ಬಿಳಿಯರೆಲ್ಲ ಒಟ್ಟಿಗೇ ಮುನ್ನುಗ್ಗುತ್ತಿದ್ದರು. ಕರಿಬಸವಯ್ಯನವರ ಮೈಯಲ್ಲಿ ಹಳೆಯ ಕಂಟ್ರೋಲರ್ ಎದ್ದು ನಿಂತ. “ಏಯ್, ಲೈನಾಗೆ ಬನ್ರಿ! ಇಳಿಯೋರಿಗೆ ಮೊದ್ಲು ದಾರಿ ಬಿಡ್ರಿ! ಹಿಂದಕ್ಕೋಗಿ, ಹಿಂದೆ ಜಾಗ ಅದೆ!” ಎಂದು ಅಚ್ಚ ಕನ್ನಡದಲ್ಲಿ ಗದರಿದರು. ಅಷ್ಟು ಜನರೂ ಸಾಲಾಗಿ ನಿಂತರು. ದೋಣಿಯವನು ಸಲಾಮು ಹೊಡೆದ. ಪಿಮ್ ಬಾಳೆಹಣ್ಣಿನ ಪೊಟ್ಟಣ ಕೊಟ್ಟು, ತಲೆಯ ಮೇಲೆ ಕ್ಯಾಪು ಎಳೆದುಕೊಳ್ಳುವ ಸನ್ನೆ ಮಾಡಿ, “ವೈಫ್ ಗುಡ್,” ಎಂದು ನಕ್ಕಳು. ಕರಿಬಸವಯ್ಯನವರು ನಗಲಿಲ್ಲ. “ಗುಡ್. ವೆರಿ ಗುಡ್,” ಎಂದು ಕಣ್ಣು ಒರೆಸಿಕೊಂಡರು.

ಬೆಂಗಳೂರಿನಲ್ಲಿ ಇಳಿದು ತುಮಕೂರಿನ ಗ್ರಂಥಿಗೆ ಅಂಗಡಿಯಲ್ಲಿ ಗಿಂಡಿ, ದಾರ ಎಲ್ಲ ಕೊಂಡೆವು. ಕಾಶಿಯಿಂದ ಬಂದವರು ಗಂಗೆಪೂಜೆ ಮಾಡುವ ಮುಂಚೆ ಮನೆ ಹೊಗಬಾರದು. ಮುದುಕಿಯ ಕಣ್ಣೆದುರೇ ಪೂಜೆ ಆಗಲಿ ಎಂದು ಗುಬ್ಬಿಯಲ್ಲಿ ಏರ್ಪಾಡಾಗಿತ್ತು. ಹಾಗಾಗಿ ಸೀದಾ ಗುಬ್ಬಿಗೆ ಹೋದೆವು.

ಬಾಗಿಲಲ್ಲಿ ತೋರಣ, ಪಡಸಾಲೆಯಲ್ಲಿ ಮಣೆ, ಮಣೆಯ ಮೇಲೆ ಗಿಂಡಿಗಳು ಸಾಲಾಗಿ ಕೂತವು. ಉಮಾಮಹೇಶ್ವರಿ ತುಮಕೂರಿನಿಂದ ನಮಗಿಂತ ಮುಂಚೆಯೇ ಬಂದು ಆರತಿ ತಟ್ಟೆ ಹಿಡಿದಿದ್ದರು. ಶಿವಗಂಗಮ್ಮನವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಒಳಗಿನಿಂದ ಹಿತುಕಿದ ಬೇಳೆ ಸಾರಿನ ವಾಸನೆ ಬರುತ್ತಿತ್ತು. ಅದು ನನಗಂತೆ. ಕರಿಬಸವಯ್ಯ ಒಂದು ಸಲ ಉಸಿರೆಳೆದು ಕಣ್ಣು ಮುಚ್ಚಿಕೊಂಡರು. ಸರ್ವಮಂಗಳಮ್ಮ ಗಂಡನನ್ನೇ ನೋಡುತ್ತಿದ್ದರು. “ಇಳಿದುಹೋಗಿದ್ದೀರಿ ಕಣ್ರೀ,” ಎಂದರು.

ಗಿಂಡಿಯ ಬೆಸುಗೆ ಬಿಚ್ಚಿದ್ದಾಯಿತು. ಶಿವಗಂಗಮ್ಮ ತೀರ್ಥಕ್ಕೆ ಕೈ ಚಾಚಿದವರು ಹಾಗೇ ತಡೆದು ಕೇಳಿದರು: “ನನ್ನ ಕಾಸು ಹಾಕಿದ್ರಾ ಅಳಿಯಂದ್ರೆ?”

ಹಾಕಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಹಿಂದಿನಿಂದ ಮೆಲ್ಲಗೆ ತಿವಿದೆ. ಕರಿಬಸವಯ್ಯನವರ ಕೈ ಜೇಬಿಗೆ ಹೋಯಿತು. ಅರಿಶಿನದ ಗಂಟು ಹೊರಗೆ ಬಂತು. “ಇಲ್ಲ ಅತ್ತೆ. ಕಾಸು ಇಲ್ಲೇ ಅದೆ. ನಾನು ಕಾಶಿಗೇ ಹೋಗ್ಲಿಲ್ಲ.”

ಆರತಿ ತಟ್ಟೆ ಗಾಳಿಯಲ್ಲಿ ನಿಂತಿತು. “ಮತ್ತೆ ಆ ಗಂಗಾಸ್ನಾನ?” ಎಂದರು ಉಮಾಮಹೇಶ್ವರಿ.

“ಬೆವರು.”

“ಆ ನೀರಿನ ಸದ್ದು?”

“ಸಮುದ್ರ.”

“ಯಾವೂರ ಸಮುದ್ರ?”

“ಥಾಯ್ಲೆಂಡು.”

ಉಮಾಮಹೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡರು. ಎಲ್ಲರಿಗಿಂತ ಮೊದಲು ಹಾರಿಬಿದ್ದವನು ಮಲ್ಲಿಕಾರ್ಜುನ್. ತನ್ನ ಮೇಲೆ ಯಾರ ಕಣ್ಣೂ ಬೀಳಬಾರದೆಂದು ಅವನು ಎಲ್ಲರಿಗಿಂತ ಜೋರಾಗಿ ಕೂಗಬೇಕಾಗಿತ್ತು. “ಭಾವ! ಏನು ಕೆಲ್ಸ ಮಾಡಿದ್ರಿ! ನಮ್ಮ ಮನೆತನ ಏನು, ಮಠದೋರ ಮುಂದೆ ನಮ್ಮ ಮರ್ಯಾದೆ ಏನು! ಅಂಥ ದೇಶಕ್ಕೆ ಮನುಷ್ಯರಾದೋರು ಹೋಗ್ತಾರಾ?”

“ನಾವು ಕೆಟ್ಟ ಜಾಗಕ್ಕೆಲ್ಲ ಹೋಗ್ಲಿಲ್ಲ ಕಣೋ,” ಎಂದು ಕರಿಬಸವಯ್ಯ ಹೆಂಡತಿಯ ಕಡೆ ನೋಡುತ್ತಾ ಹೇಳಿದರು. “ಗುಡಿ ನೋಡಿದ್ವಿ, ದೋಣಿ ಹತ್ತಿದ್ವಿ. ನಾನು ತಿಂದಿದ್ದೂ ಇಡ್ಲೀನೇ. ಆ ದೊಡ್ಡ ಗೋಪುರದ ಹಿಂದೆ ಬಲಗಡೆ ಒಂದು ಇಡ್ಲಿ ಹೋಟ್ಲು...”

“ಬಲಗಡೆ ಅಲ್ಲ ಭಾವ, ಎಡಗಡೆ!” ಎಂದ ಮಲ್ಲಿಕಾರ್ಜುನ್.

ಎಲ್ಲರ ತಲೆಯೂ ಒಟ್ಟಿಗೇ ಅವನ ಕಡೆ ತಿರುಗಿತು. ಅವನ ಹೆಂಡತಿ ದೀಪಿಕಾ ಕೈಯಲ್ಲಿದ್ದ ಕರ್ಪೂರದ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟಳು. “ಏನ್ರಿ, ಅಡಿಕೆ ವ್ಯಾಪಾರಕ್ಕೆ ಗುವಾಹಟಿಗೆ ಅದೇ ದಾರೀಲಿ ಹೋಗ್ತಿದ್ರಾ?”

“ಯೂಟ್ಯೂಬ್‌ನಾಗೆ...” ಎಂದು ಅವನು ಶುರುಮಾಡಿದ. ಮುಗಿಸಲಾಗಲಿಲ್ಲ. ದೀಪಿಕಾ ಮುಂದೆ, ಅವನು ಹಿಂದೆ, ಉಮಾಮಹೇಶ್ವರಿ ಆರತಿ ತಟ್ಟೆಯೊಂದಿಗೇ ಅವರ ಹಿಂದೆ, ಮೂವರೂ ಹಿತ್ತಿಲಿಗೆ ಹೋದರು. ಹಿತ್ತಿಲಿನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸರ್ವಮಂಗಳಮ್ಮ ಎದ್ದು ಅಡುಗೆಮನೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಕರಿಬಸವಯ್ಯ ಬ್ಯಾಗಿನ ಪಕ್ಕ ಕುಸಿದು ಕೂತರು.

ಶಿವಗಂಗಮ್ಮ ಗಂಟು ಬಿಚ್ಚಿ ಕಾಸನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. “ಹಾಕಿದೆ ಅಂದಿದ್ರೆ ನಂಬ್ತಿದ್ದೆ ಕಣಪ್ಪ.”

“ಗೊತ್ತು ಅತ್ತೆ. ಅದಕ್ಕೇ ಹೇಳೋಕಾಗ್ಲಿಲ್ಲ.”

ಮುದುಕಿ ಮಗಳನ್ನು ಕೂಗಿದರು. “ಮಂಗಳಾ, ತಗಾ ಇದನ್ನ. ನೀನೇ ಹೋಗಿ ಹಾಕ್ಬಾ. ನನ್ನ ಸೊಂಟ ಕಾಯ್ಕಂಡು ನೀನೂ ಕೂತ್ರೆ ನಮ್ಮಿಬ್ರಲ್ಲಿ ಒಬ್ಳೂ ಊರು ನೋಡ್ದಂಗಾಯ್ತದೆ. ನನ್ನನ್ನ ಮಲ್ಲಿ ನೋಡ್ಕಂತಾನೆ. ಅವನು ಇನ್ನೆಲ್ಲಿಗೂ ಹೋಗಂಗಿಲ್ಲ, ದೀಪಿಕಾ ಬುಡಾಕಿಲ್ಲ.” ಸರ್ವಮಂಗಳಮ್ಮ ಕಾಸನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮತ್ತೆ ಒಳಗೆ ಹೋದರು. ಗಂಡನ ಕಡೆ ನೋಡಲಿಲ್ಲ.

ಊಟಕ್ಕೆ ಕರೆ ಬಂತು. ನನ್ನ ತಟ್ಟೆಯಲ್ಲಿ ಬಿಸಿ ಮುದ್ದೆ, ಗುಂಡಿಯಲ್ಲಿ ತುಪ್ಪ, ಸುತ್ತ ಹಿತುಕಿದ ಬೇಳೆ ಸಾರು. ಕರಿಬಸವಯ್ಯನವರ ತಟ್ಟೆಯಲ್ಲಿ ಅನ್ನ, ಮಜ್ಜಿಗೆ.

“ನಾನು ಕಾಶಿಗೇ ಹೋಗ್ಲಿಲ್ವಲ್ಲ ಕಣೆ. ಹಂಗಾದ್ರೆ ಬಿಟ್ಟಿದ್ದೂ ಲೆಕ್ಕಕ್ಕಿಲ್ಲ,” ಎಂದರು ಅವರು ಸಣ್ಣ ಧ್ವನಿಯಲ್ಲಿ.

“ಬಾಯಿಬಿಟ್ಟು ಬಿಟ್ಟೆ ಅಂದ್ಮೇಲೆ ಮುಗೀತು,” ಎಂದರು ಸರ್ವಮಂಗಳಮ್ಮ. ಹಿತ್ತಿಲಿನಿಂದ ಹಿಂದಿರುಗಿದ್ದ ಉಮಾಮಹೇಶ್ವರಿ ಹೌದೆಂದು ತಲೆಯಾಡಿಸಿದರು.

ಕರಿಬಸವಯ್ಯ ಮಜ್ಜಿಗೆ ಅನ್ನ ಕಲಸಿದರು. ಸರ್ವಮಂಗಳಮ್ಮ ಸಾರಿನ ಪಾತ್ರೆ ಪಕ್ಕಕ್ಕಿಟ್ಟುಕೊಂಡು, ಸೌಟು ಕೈಯಲ್ಲಿ ಹಿಡಿದು, ಎದುರಿಗೆ ಕೂತರು. ಬಹಳ ಹೊತ್ತಿನ ಮೇಲೆ ನೆಲ ನೋಡುತ್ತಾ ಕೇಳಿದರು: “ಸಮುದ್ರ ಹೆಂಗಿತ್ತು?”

ಕರಿಬಸವಯ್ಯ ಮೊದಲು ತಡವರಿಸಿದರು. ಆಮೇಲೆ ಕೆರೆ ಕೋಡಿ ಬಿದ್ದ ಹಾಗಾಯಿತು. ಹಗಲು ನೀಲಿ, ಸಂಜೆ ಹಸಿರು, ದೂರದಲ್ಲಿ ಅರಿಶಿನ. ಕಾಲ ಕೆಳಗಿನ ಮರಳನ್ನು ಅಲೆ ಎಳೆದುಕೊಂಡು ಹೋದರೆ ಪಾದಕ್ಕೆ ಕಚಗುಳಿ. ರೈಲಿನ ಕಿಟಕಿಯಲ್ಲಿ ಕಂಡ ಬೆಟ್ಟ. ಜೆಟ್ಟಿಯಲ್ಲಿ ಸಾಲು ನಿಲ್ಲಿಸಿದ್ದು. ಬಿಸಿಲಿನಲ್ಲಿ ಮಂಕಿ ಕ್ಯಾಪು, ಓಡಿಬಂದ ಪಿಮ್, ಥರ್ಮಾಮೀಟರಿನ ಅಧಿಕಾರಿ. “ಅವನು ವೈಫ್ ಅಂದ್ರೆ ಹಂಗೆ ಅರ್ಥ ಮಾಡ್ಕೊಂಡ ನೋಡು,” ಎಂದಾಗ ಸರ್ವಮಂಗಳಮ್ಮ ತಡೆಯಲಾರದೆ ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಒಂದು ಸೌಟು ಸಾರು ಗಂಡನ ತಟ್ಟೆಗೆ ಬಿದ್ದಿತ್ತು. ಕೈ ತಪ್ಪಿ ಬಿದ್ದದ್ದೋ ಬೇಕೆಂದೇ ಬಿದ್ದದ್ದೋ ನಾನು ಕೇಳಲಿಲ್ಲ. ಉಮಾಮಹೇಶ್ವರಿ ಕೇಳಲು ಹೊರಟರು, ನಾನು ಅವರ ಮುಂದಕ್ಕೆ ಉಪ್ಪಿನಕಾಯಿ ತಳ್ಳಿದೆ.

ಸರ್ವಮಂಗಳಮ್ಮ ಸೆರಗಿನ ತುದಿಯ ಗಂಟು ಮುಟ್ಟಿ ನೋಡಿಕೊಂಡರು. “ಕಾಶಿಗೆ ಹೋದ್ರೆ ನಾನೇನು ಬಿಡ್ತೀನಿ ಗೊತ್ತಾ?” ಎಂದರು.

“ಏನು ಬಿಡ್ತೀಯ?”

“ನಿಮ್ಮನ್ನ.”

ಉಮಾಮಹೇಶ್ವರಿ ಗೊಳ್ಳೆಂದು ನಕ್ಕರು. ದಿಂಬಿಗೆ ಒರಗಿದ್ದ ಶಿವಗಂಗಮ್ಮನೂ ನಕ್ಕರು. ಕರಿಬಸವಯ್ಯನವರ ಕೈಯಲ್ಲಿದ್ದ ತುತ್ತು ಅರ್ಧಕ್ಕೇ ನಿಂತಿತು. ಸರ್ವಮಂಗಳಮ್ಮ ಪಾತ್ರೆ ಎತ್ತಿಕೊಂಡು ಎದ್ದು, ಅಡುಗೆಮನೆಯ ಬಾಗಿಲ ತನಕ ಹೋಗಿ, ತಿರುಗದೇನೇ ಹೇಳಿದರು:

“ತುಂಬಾ ಇಷ್ಟವಾದ್ದನ್ನೇ ತಾನೆ ಬಿಡ್ಬೇಕು.”

ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ. ಹಿಂದೆ ಹಂಪಿ ಬಸ್ಸು ಮರೆಯಾಗುವ ತನಕ ನೋಡುತ್ತಾ ನಿಲ್ಲುತ್ತಿದ್ದರಲ್ಲ, ಹಾಗೇ ಕರಿಬಸವಯ್ಯ ಆ ಬಾಗಿಲನ್ನು ನೋಡುತ್ತಾ ಕೂತರು. ತಟ್ಟೆಯಲ್ಲಿ ಸಾರು ಆರಿಹೋಯಿತು.